ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಓದುವ ಮುಂಚೆ ಸೈಟ್ ನೋಡಿ ಬನ್ನಿ

ಸಿವಿಲ್ ಮುಗಿಸಿದವರು ಆಗಾಗ ಕೇಳುತ್ತಾರೆ, ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಮಾಡಿದರೆ ಕೆಲಸ ಸಿಗುತ್ತಾ ಅಂತ. ಸಿಗುತ್ತದೆ. ಆದರೆ ಅದು ಏನು ಕೆಲಸ ಅನ್ನುವುದು ತುಂಬಾ ಜನಕ್ಕೆ ಗೊತ್ತಿರುವುದಿಲ್ಲ. ಅದಕ್ಕೇ ನಾನು ಹೇಳುವುದು, ಒಂದೆರಡು ವರ್ಷ ಸೈಟಿನಲ್ಲಿ ದುಡಿದು ಆಮೇಲೆ ಓದಿ.

ಒಂದು ಸ್ಲ್ಯಾಬ್ ಹಾಕುವ ದಿನವನ್ನೇ ನೋಡಿ. ಸೆಂಟ್ರಿಂಗ್ ಮುಗಿದಿರಬೇಕು, ಕಂಬಿ ಕಟ್ಟಿರಬೇಕು, ಎಲೆಕ್ಟ್ರಿಕಲ್‌ನವರು ಪೈಪ್ ಹಾಕಿರಬೇಕು, ಪ್ಲಂಬರ್ ತನ್ನ ಲೈನಿಗೆ ಜಾಗ ಬಿಡಿಸಿಕೊಂಡಿರಬೇಕು, ಇದನ್ನೆಲ್ಲ ಚೆಕ್ ಮಾಡಿ ಸಹಿ ಹಾಕುವವರೂ ಬಂದು ಹೋಗಿರಬೇಕು. ಇವರಲ್ಲಿ ಒಬ್ಬರು ಅರ್ಧ ದಿನ ತಡ ಮಾಡಿದರೂ ಕಾಂಕ್ರೀಟ್ ಲಾರಿ ಗೇಟಿನ ಹತ್ತಿರ ನಿಂತಿರುತ್ತದೆ. ನೀರು ಬಿದ್ದ ಕಾಂಕ್ರೀಟ್ ಯಾರಿಗೂ ಕಾಯುವುದಿಲ್ಲ, ಸಾಮಾನ್ಯವಾಗಿ ಒಂದೂವರೆ ಎರಡು ಗಂಟೆಯೊಳಗೆ ಸುರಿಯಲೇಬೇಕು. ಲೋಡ್ ವಾಪಸ್ ಹೋದರೆ ದುಡ್ಡು ಯಾರು ಕೊಡಬೇಕು? ಸುಮ್ನೆ ಕೂತವರ ಕೂಲಿ ಯಾರ ತಲೆಗೆ? ಹೋದ ದಿನ ಯಾರ ಲೆಕ್ಕಕ್ಕೆ? ಈ ಕೋರ್ಸ್ ಇರುವುದೇ ಇಂಥ ಪ್ರಶ್ನೆಗಳಿಗಾಗಿ.

ಕ್ಲಾಸಿನಲ್ಲಿ ಕ್ರಿಟಿಕಲ್ ಪಾತ್ ಹೇಳಿಕೊಡುತ್ತಾರೆ, ಅಂದರೆ ಯಾವ ಕೆಲಸಗಳು ತಡವಾದರೆ ಇಡೀ ಪ್ರಾಜೆಕ್ಟೇ ತಡವಾಗುತ್ತದೆ ಅಂತ ಕಂಡುಹಿಡಿಯುವ ಲೆಕ್ಕ. 1950ರ ದಶಕದ ಕೊನೆಯಲ್ಲಿ ಡ್ಯುಪಾಂಟ್ ಕಂಪನಿ ತನ್ನ ಕೆಮಿಕಲ್ ಪ್ಲಾಂಟ್‌ಗಳ ಕೆಲಸಕ್ಕೆ ಅಂತ ಬೆಳೆಸಿದ ವಿಧಾನ ಅದು. ಕೆಲಸಗಳ ಕ್ರಮ ತೋರಿಸುವ ಬಾಣ, ಸೊನ್ನೆ ಬರೆದು ಪರೀಕ್ಷೆ ಪಾಸಾಗಬಹುದು. ಆದರೆ ಆ ಬಾಣದ ಹಿಂದೆ ಕೆಲಸ ನಿಲ್ಲಿಸಿ ಕೂತ ಜನ ಕಣ್ಣಿಗೆ ಬರದಿದ್ದರೆ ಪ್ರೈಮವೆರಾ ಅನ್ನುವ ಪ್ಲಾನಿಂಗ್ ಸಾಫ್ಟ್‌ವೇರ್ ಎಷ್ಟು ಚೆನ್ನಾಗಿ ಗೊತ್ತಿದ್ದರೂ ಪ್ರಯೋಜನವಿಲ್ಲ.

ಇನ್ನು ಕೆಲಸದ ವಿಷಯ. ಎಲ್ಲರ ಕಣ್ಣೂ ಪ್ರಾಜೆಕ್ಟ್ ಮ್ಯಾನೇಜರ್ ಕುರ್ಚಿ ಮೇಲೆ, ಅಲ್ವಾ? ಓದು ಮುಗಿದ ಕೂಡಲೇ ಆ ಕುರ್ಚಿ ಯಾರೂ ಕೊಡುವುದಿಲ್ಲ. ಶುರುವಿನಲ್ಲಿ ಪ್ಲಾನಿಂಗ್, ಬಿಲ್ಲಿಂಗ್, ಎಸ್ಟಿಮೇಷನ್, ಕ್ವಾಂಟಿಟಿ ಸರ್ವೇ, ಸೇಫ್ಟಿ, ಇಂಥದರಲ್ಲಿ ಒಂದು ಸಿಗುತ್ತದೆ. ನನ್ನನ್ನು ಕೇಳಿದರೆ ಕಾಂಟ್ರ್ಯಾಕ್ಟ್ಸ್ ಮತ್ತು ಕ್ಲೇಮ್ಸ್ ಕಡೆ ಹೋಗಿ ಅನ್ನುತ್ತೇನೆ. ಡ್ರಾಯಿಂಗ್ ಬದಲಾದ ದಿನವೇ ಪತ್ರ ಬರೆದು, ಸೈಟ್ ಡೈರಿಯಲ್ಲಿ ದಾಖಲು ಮಾಡಿ, ಆರು ತಿಂಗಳಾದ ಮೇಲೆ ಅದನ್ನೇ ಹಿಡಿದು ಹೆಚ್ಚುವರಿ ಸಮಯ, ಹೆಚ್ಚುವರಿ ಹಣ ಎರಡನ್ನೂ ಕೇಳಬಲ್ಲವರು ಕಡಿಮೆ. ಅಂಥವರ ಅಗತ್ಯ ದೊಡ್ಡ ಪ್ರಾಜೆಕ್ಟ್‌ಗಳಲ್ಲಿ ತಪ್ಪಿದ್ದಲ್ಲ. ಸಿಡ್ನಿ ಒಪೆರಾ ಹೌಸ್ ಕೆಲಸ ಶುರುವಾಗಿದ್ದು 1959ರಲ್ಲಿ, ಡಿಸೈನ್ ಪೂರ್ತಿಯಾಗುವ ಮೊದಲೇ. 70 ಲಕ್ಷ ಆಸ್ಟ್ರೇಲಿಯನ್ ಡಾಲರ್ ಅಂದುಕೊಂಡಿದ್ದು 10 ಕೋಟಿ 20 ಲಕ್ಷಕ್ಕೆ ಹೋಯಿತು, 1963ಕ್ಕೆ ಮುಗಿಯಬೇಕಿದ್ದು 1973ಕ್ಕೆ ಬಾಗಿಲು ತೆರೆಯಿತು. ಇವತ್ತು ಜಗತ್ತೇ ಹೋಗಿ ನೋಡುವ ಕಟ್ಟಡ ಅದು, ನಿಜ. ಆದರೂ ಡಿಸೈನ್ ಮುಗಿಯದೆ ಕೆಲಸ ಶುರು ಮಾಡುವ ಅವಸರ ಈಗಲೂ ಹೋಗಿಲ್ಲ.

ಸಂಬಳದ ಬಗ್ಗೆ ಒಂದು ಮಾತು. ಮೊದಲ ಕೆಲಸದಲ್ಲೇ ದೊಡ್ಡ ವ್ಯತ್ಯಾಸ ಕಾಣುತ್ತದೆ ಅಂತ ನಂಬಿಕೊಂಡು ಜಾಸ್ತಿ ಸಾಲ ಮಾಡಬೇಡಿ. ಈ ಓದಿನ ಬೆಲೆ ಗೊತ್ತಾಗುವುದು ಕೆಲವು ವರ್ಷ ಕಳೆದು ನಿಮ್ಮ ಕೈಗೆ ಒಂದು ಬಜೆಟ್ ಬಂದಾಗ.

ಸೀಟು ತೆಗೆದುಕೊಳ್ಳುವ ಮುಂಚೆ ವಿಭಾಗದವರನ್ನು ನೇರವಾಗಿ ಕೇಳಿ: ಇಂಟರ್ನ್‌ಶಿಪ್ ಎಷ್ಟು ತಿಂಗಳು, ಕಾಂಟ್ರ್ಯಾಕ್ಟ್ ಪಾಠ ಮಾಡುವವರು ಯಾವತ್ತಾದರೂ ಸೈಟಿನಲ್ಲಿ ದುಡಿದಿದ್ದಾರಾ, ಹೋದ ವರ್ಷ ಪಾಸಾದವರು ಈಗ ಯಾವ ಹುದ್ದೆಯಲ್ಲಿದ್ದಾರೆ. ಸರಿಯಾದ ಉತ್ತರ ಬರದಿದ್ದರೆ ಬೇರೆ ಕಡೆ ಅರ್ಜಿ ಹಾಕಿ.