ಅಂಗೈಯಗಲದ ಮೈದಾನ

ಆಗದ ಹೋಗದ ಆಸೆ ಹುಟ್ಟಿಸುವವರನ್ನು ಕಂಡರೆ ‘ಅಂಗೈಯಲ್ಲಿ ಅರಮನೆ ತೋರಿಸುತ್ತಾನೆ’ ಅನ್ನುತ್ತೇವೆ. ಅರಮನೆಯ ಮಾತು ಹಾಗಿರಲಿ, ಅಂಗೈಯಲ್ಲಿ ಮೈದಾನ ತೋರಿಸಿ ದಕ್ಕಿಸಿಕೊಂಡವರಂತೂ ಇದ್ದಾರೆ. 1989ರ ಏಪ್ರಿಲ್ 21ರಂದು ಜಪಾನಿನಲ್ಲಿ ನಿಂಟೆಂಡೊ ಕಂಪನಿಯ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಯಂತ್ರ ಅಂಗಡಿಗೆ ಬಂತು. ಅವತ್ತೇ ಅದರ ಜೊತೆ ಬಂದ ಬೆರಳೆಣಿಕೆಯ ಆಟಗಳಲ್ಲಿ ಒಂದರ ಹೆಸರು ಬರೀ ‘ಬೇಸ್‌ಬಾಲ್’. ಹಿಂದೊಂದು ಮುಂದೊಂದು ವಿಶೇಷಣವಿಲ್ಲ, ಅಕ್ಕಿ ಮೂಟೆಯ ಮೇಲೆ ‘ಅಕ್ಕಿ’ ಅಂತ ಬರೆದ ಹಾಗೆ. ಟಿವಿಗೆ ಸಿಕ್ಕಿಸಿ ಆಡುವ ಫ್ಯಾಮಿಕಾಮ್ 1983ರಲ್ಲಿ ಬಂದಾಗಲೂ ಆ ವರ್ಷದ ಡಿಸೆಂಬರಿನಲ್ಲೇ ಇದೇ ಹೆಸರಿನ ಆಟ ಬಂದಿತ್ತು. ನಾವು ಹೊಸ ಮನೆಯಲ್ಲಿ ಮೊದಲು ಹಾಲುಕ್ಕಿಸುತ್ತೇವೆ. ಜಪಾನಿನವರು ಹೊಸ ಗೇಮ್ ಯಂತ್ರದಲ್ಲಿ ಬೇಸ್‌ಬಾಲ್ ಆಡಿಸಿ ನೋಡುತ್ತಾರೆ. ಅಮೆರಿಕದವರೂ ಕಡಿಮೆಯಿಲ್ಲ. 1978ರಲ್ಲೇ ಮ್ಯಾಟೆಲ್ ಕಂಪನಿ ಕೆಂಪು ದೀಪದ ಚುಕ್ಕಿಗಳನ್ನು ಓಟಗಾರರೆಂದು ಒಪ್ಪಿಸಿ, ಕೈಯಲ್ಲಿ ಹಿಡಿದು ಆಡುವ ಬೇಸ್‌ಬಾಲ್ ಮಾರಿತ್ತು.

ಗೇಮ್ ಬಾಯ್ ಪರದೆ ಮೂಲೆಯಿಂದ ಮೂಲೆಗೆ 2.6 ಇಂಚು, ಹೆಚ್ಚುಕಡಿಮೆ ಬೆಂಕಿಪೊಟ್ಟಣದ ಮುಖದಷ್ಟು. ಅಡ್ಡಕ್ಕೆ 160 ಚುಕ್ಕಿ, ಉದ್ದಕ್ಕೆ 144. ಬಣ್ಣ ಅಂತ ಹೇಳಿಕೊಳ್ಳಲು ಪಾಚಿ ಹಸಿರಿನ ನಾಲ್ಕು ಛಾಯೆ. ಇಷ್ಟರೊಳಗೆ, ಬೇಸಿನಿಂದ ಬೇಸಿಗೆ (ಓಟಗಾರ ಮುಟ್ಟಿಕೊಂಡು ಸುತ್ತಬೇಕಾದ ನಾಲ್ಕು ಠಾಣೆಗಳಿಗೆ ಈ ಹೆಸರು) 90 ಅಡಿ ದೂರವಿರುವ, ಅದರಾಚೆಗೂ ಹುಲ್ಲು ಹಾಸಿಕೊಂಡು ಹೋಗುವ ಮೈದಾನ ಹಿಡಿಸಬೇಕು. ಹಿಡಿಸುವುದಿಲ್ಲ. ಹಿಡಿಸಬೇಕಾಗಿಯೂ ಇಲ್ಲ. ಫುಟ್‌ಬಾಲಿನಲ್ಲಿ 22 ಜನರೂ ಒಟ್ಟಿಗೆ ಓಡುತ್ತಾರೆ, ಎಲ್ಲರನ್ನೂ ಕಾಣಬೇಕು. ಬೇಸ್‌ಬಾಲಿನಲ್ಲಿ ಬಹುಪಾಲು ಹೊತ್ತು ನಡೆಯುವುದು ಇಬ್ಬರ ವ್ಯವಹಾರ. 60 ಅಡಿ 6 ಇಂಚು ದೂರದಲ್ಲಿ ಚೆಂಡು ಎಸೆಯುವ ಪಿಚರ್ ಒಬ್ಬ, ಓಟ ಶುರುವಾಗಿ ಮುಗಿಯುವ ಬೇಸಾದ 17 ಇಂಚು ಅಗಲದ ಹೋಮ್ ಪ್ಲೇಟಿನ ಪಕ್ಕ ಬ್ಯಾಟು ಹಿಡಿದವನೊಬ್ಬ. ಉಳಿದವರು ಮದುವೆಮನೆಯ ದೂರದ ನೆಂಟರು, ಕರೆದಾಗ ಬಂದರೆ ಸಾಕು.

ಕರೆದಾಗ ಎಲ್ಲರೂ ಒಂದೇ ಸಾಲಿನಲ್ಲಿ ಬಂದು ನಿಂತರೆ ಮಾತ್ರ ಫಜೀತಿ. ಗೇಮ್ ಬಾಯ್ ಒಟ್ಟು 40 ಚಲಿಸುವ ಬಿಂಬಗಳನ್ನು ತೋರಿಸಬಲ್ಲದು. ಆದರೆ ಪರದೆಯ ಒಂದು ಅಡ್ಡಗೆರೆಯ ಮೇಲೆ ಹತ್ತಕ್ಕಿಂತ ಹೆಚ್ಚು ಕೂರುವುದಿಲ್ಲ. ಒಂದು ಬಿಂಬದ ಅಗಲ ಎಂಟೇ ಚುಕ್ಕಿ. ಒಬ್ಬ ಆಟಗಾರನಿಗೆ ಅಕ್ಕಪಕ್ಕ ಎರಡು ಬಿಂಬ ಬೇಕಾದರೆ ಐದು ಜನಕ್ಕೇ ಪಂಕ್ತಿ ಭರ್ತಿ, ಆರನೆಯವನಿಗೆ ಎಲೆಯಿಲ್ಲ. ಪ್ರೋಗ್ರಾಂ ಬರೆದವರು ಇದಕ್ಕೆ ಸರದಿ ಏರ್ಪಡಿಸುತ್ತಿದ್ದರು: ಈ ಕ್ಷಣ ಇವನು ಕಾಣಲಿ, ಮರುಕ್ಷಣ ಅವನು. ಹಳೆಯ ಆಟಗಳಲ್ಲಿ ಫೀಲ್ಡರುಗಳು ಮಿಣುಕುವುದಕ್ಕೆ ಇದೂ ಒಂದು ಕಾರಣ. ಸೆಲ್ ಮುಗಿಯುತ್ತಾ ಬಂತೆಂದು ಗಾಬರಿಯಾಗಬೇಕಿಲ್ಲ. ಸೆಲ್ ಮುಗಿಯುವುದನ್ನು ಹೇಳಲು ಪರದೆಯ ಎಡಗಡೆ ಕೆಂಪು ದೀಪವೊಂದಿದೆ. ಅದು ಮಂಕಾದರೆ ನಾಲ್ಕು ಎಎ ಸೆಲ್ ಬದಲಿಸಬೇಕು, ನಮ್ಮ ಗೋಡೆ ಗಡಿಯಾರಕ್ಕೆ ಹಾಕುವಂಥವೇ.

ಈ ಆಟ ಅಂಗೈಗೆ ಒಗ್ಗಿದ್ದರ ನಿಜವಾದ ಕಾರಣ ಪರದೆಯಲ್ಲಿಲ್ಲ, ಗುಂಡಿಯಲ್ಲಿದೆ. ಗುನ್‌ಪೆಯ್ ಯೊಕೊಯ್ ಎಂಬ ನಿಂಟೆಂಡೊ ಎಂಜಿನಿಯರು 1982ರ ಒಂದು ಮಡಚುವ ಪುಟ್ಟ ಗೇಮಿಗಾಗಿ ಕೂಡುವ ಚಿಹ್ನೆಯ ಆಕಾರದ ಗುಂಡಿಯೊಂದನ್ನು ರೂಪಿಸಿದರು. ಎಡ ಹೆಬ್ಬೆಟ್ಟು ಅದರ ಮೇಲೆ ಕೂತರೆ ಕಣ್ಣು ಹಾಯಿಸದೆಯೇ ನಾಲ್ಕು ದಿಕ್ಕೂ ಸಿಗುತ್ತದೆ. ಈಗ ಹೋಮ್ ಪ್ಲೇಟಿನ ಹಿಂದೆ ನಿಂತು ಬೇಸ್‌ಬಾಲ್ ಅಂಗಳವನ್ನು ನೋಡಿ. ಬಲಕ್ಕೆ ಮೊದಲ ಬೇಸು, ನೇರ ಮೇಲೆ ಎರಡನೆಯದು, ಎಡಕ್ಕೆ ಮೂರನೆಯದು, ಕಾಲ ಬುಡದಲ್ಲಿ ಹೋಮ್. ಅಂಗಳವೇ ಒಂದು ಗುಂಡಿ! ಫ್ಯಾಮಿಕಾಮ್ ಬೇಸ್‌ಬಾಲಿನಲ್ಲಿ ಬಲಕ್ಕೆ ಒತ್ತಿ ‘ಎ’ ಒತ್ತಿದರೆ ಚೆಂಡು ಮೊದಲ ಬೇಸಿಗೆ, ಮೇಲಕ್ಕೆ ಒತ್ತಿ ‘ಎ’ ಒತ್ತಿದರೆ ಎರಡಕ್ಕೆ. ನೂರು ವರ್ಷ ಹಳೆಯ ಆಟಕ್ಕೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂತಿತು. ನಮ್ಮ ಕ್ರಿಕೆಟ್ಟಿಗೆ ಈ ಭಾಗ್ಯವಿಲ್ಲ. ಚೆಂಡು ಎಸೆಯಲು ಇರುವುದು ಎರಡೇ ತುದಿ, ಇನ್ನೆರಡು ದಿಕ್ಕು ವ್ಯರ್ಥ.

1990ರಲ್ಲಿ ಸೂಪರ್ ಫ್ಯಾಮಿಕಾಮ್ ಬಲಗೈಗೂ ವಜ್ರಾಕಾರದಲ್ಲಿ ನಾಲ್ಕು ಗುಂಡಿ ಕೊಟ್ಟ ಮೇಲೆ ಕೆಲಸ ಇನ್ನೂ ಸುಲಭವಾಯಿತು. ನಿಂಟೆಂಡೊದ ಈಗಿನ ಸ್ವಿಚ್ ಯಂತ್ರದಲ್ಲಿ ‘ಎಂಎಲ್‌ಬಿ ದಿ ಶೋ’ ಎಂಬ ಬೇಸ್‌ಬಾಲ್ ಗೇಮ್ ಆಡುವಾಗ ಬಲಗಡೆಯ ‘ಎ’ ಮೊದಲ ಬೇಸು, ಮೇಲಿನ ‘ಎಕ್ಸ್’ ಎರಡು, ಎಡದ ‘ವೈ’ ಮೂರು, ಕೆಳಗಿನ ‘ಬಿ’ ಹೋಮ್. ಪ್ಲೇಸ್ಟೇಷನ್ನಿನ ಕೈಯಂತ್ರ ಪಿಎಸ್‌ಪಿಯಲ್ಲಿ ಅದೇ ಜಾಗಗಳಲ್ಲಿ ವೃತ್ತ, ತ್ರಿಕೋನ, ಚೌಕ, ಗುಣಿಸುವ ಚಿಹ್ನೆ. ಎಕ್ಸ್‌ಬಾಕ್ಸಿನಲ್ಲಿ ಅಕ್ಷರಗಳೇ ಅದಲುಬದಲು, ಅಲ್ಲಿ ಬಲಗಡೆ ಇರುವುದು ‘ಬಿ’. ಹಾಗಾಗಿ ಎಕ್ಸ್‌ಬಾಕ್ಸಿನಲ್ಲಿ ಪಳಗಿದವರು ‘ಮೊದಲ ಬೇಸಿಗೆ ಬಿ’ ಎಂದು ಬಾಯಿಪಾಠ ಮಾಡಿಕೊಂಡು ಸ್ವಿಚ್ಚಿಗೆ ಬಂದರೆ ಚೆಂಡು ನೆಟ್ಟಗೆ ಹೋಮಿಗೆ ಹೋಗುತ್ತದೆ, ಓಟಗಾರ ಮೊದಲ ಬೇಸಿನಲ್ಲಿ ಮೈ ಕೊಡವಿಕೊಳ್ಳುತ್ತಿರುತ್ತಾನೆ. ಅಕ್ಷರ ನೋಡಿ ಒತ್ತಬಾರದು, ದಿಕ್ಕು ನೋಡಿ ಒತ್ತಬೇಕು. ಓದು ಬಾರದವರನ್ನು ಹೆಬ್ಬೆಟ್ಟು ಎಂದು ಹಂಗಿಸುವ ಊರಿನವರು ನಾವು. ಇಲ್ಲಿ ಅಕ್ಷರ ಅರಿಯದ ಹೆಬ್ಬೆಟ್ಟೇ ಪಂಡಿತ, ಓದಿಕೊಂಡ ಹೆಬ್ಬೆಟ್ಟು ದಡ್ಡ.

ಈ ಪಂಡಿತನಿಗೂ ಒಂದು ಪಾಠ ಬಾಯಿಗೆ ಬಂದಿರಬೇಕು. ಮೊದಲ ಬೇಸಿನಲ್ಲಿ ಎದುರಾಳಿ ಇದ್ದಾನೆ, ಚೆಂಡು ನೆಲದ ಮೇಲೆ ಪುಟಿಯುತ್ತಾ ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಮೂರನೇ ಬೇಸಿನ ನಡುವೆ ನಿಲ್ಲುವ ಫೀಲ್ಡರನ ಕೈಗೆ ಬಂತು ಅಂದರೆ ಮೊದಲು ಮೇಲೆ, ಆಮೇಲೆ ಬಲಕ್ಕೆ. ಎರಡು ಒತ್ತು, ಎರಡು ಔಟ್. ಬಹಳ ಜನ ಕೈಗೆ ಸುಲಭವೆಂದು ಮೊದಲೇ ಬಲಕ್ಕೆ ಒತ್ತಿ ಒಂದೇ ಔಟಿಗೆ ತೃಪ್ತರಾಗುತ್ತಾರೆ. ಇನ್ನು ಕೆಲವರದು ಆತುರ. ಚೆಂಡು ಫೀಲ್ಡರನ ಕೈ ಸೇರುವ ಮುನ್ನವೇ ನಾಲ್ಕೈದು ಸಲ ಒತ್ತುತ್ತಾರೆ. ಹೊಸ ಆಟಗಳು ಮುಂಚಿತ ಒತ್ತನ್ನೂ ನೆನಪಿಟ್ಟುಕೊಳ್ಳುವುದರಿಂದ, ಕೊನೆಗೆ ಒತ್ತಿದ ತಪ್ಪು ದಿಕ್ಕಿಗೇ ಎಸೆತ ಹೋಗುತ್ತದೆ.

ಬ್ಯಾಟಿಂಗಿಗೆ ಬಂದರೆ ಗಣಿತ ಕ್ರೂರ. ಗಂಟೆಗೆ 153 ಕಿಲೋಮೀಟರಿನ ಎಸೆತ ಪ್ಲೇಟು ಮುಟ್ಟಲು ಸುಮಾರು 0.4 ಸೆಕೆಂಡು. ಆಟ ಸೆಕೆಂಡಿಗೆ 60 ಚಿತ್ರ ತೋರಿಸುತ್ತಿದ್ದರೆ ಚೆಂಡಿನ ಇಡೀ ಜೀವಮಾನ 24 ಚಿತ್ರ, 30 ತೋರಿಸುತ್ತಿದ್ದರೆ ಬರೀ 12. ಕಂಡದ್ದಕ್ಕೆ ಬೆರಳು ಸ್ಪಂದಿಸಲು ಮನುಷ್ಯನಿಗೆ ಸೆಕೆಂಡಿನ ಕಾಲು ಭಾಗದ ಹತ್ತಿರ ಬೇಕು. ಅಲ್ಲಿಗೆ ಯೋಚನೆಗೆ ಉಳಿಯುವುದು ಮೊದಲ ಮೂರನೇ ಒಂದು ಭಾಗ ಮಾತ್ರ. ಅಂದರೆ ಪಿಚರನ ಕೈ ಬಿಟ್ಟಾಗ ಚೆಂಡು ಎಲ್ಲಿತ್ತು ಅನ್ನುವುದನ್ನು ನೋಡಬೇಕು, ಪ್ಲೇಟಿನ ಹತ್ತಿರ ನೋಡುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಈ ವಿಷಯದಲ್ಲಿ ಕೈಯಂತ್ರ ಟಿವಿಗಿಂತ ಮೇಲು. ದೊಡ್ಡ ಟಿವಿಗಳು ಚಿತ್ರವನ್ನು ಚಂದಗಾಣಿಸುವ ಹೊತ್ತಿಗೆ ಎರಡು ಮೂರು ಚಿತ್ರದಷ್ಟು ತಡವಾಗಿರುವುದುಂಟು. ಗೇಮ್ ಮೋಡ್ ಹಾಕದೆ ಆಡಿದರೆ ಬ್ಯಾಟು ಯಾವಾಗಲೂ ತಡ. ಅಂಗೈಯಲ್ಲಿ ಚಂದಗಾಣಿಸುವ ಉಪಚಾರ ಕಡಿಮೆ, ಬಂದದ್ದು ಬಂದ ಹಾಗೆ ಕಾಣುತ್ತದೆ.

ಮೂಲ ಗೇಮ್ ಬಾಯಿಗೆ ಈ ಹೊಗಳಿಕೆ ಸಲ್ಲದು. ಅದರ ಎಲ್‌ಸಿಡಿ ಚುಕ್ಕಿಗಳು ಸೋಮಾರಿಗಳು, ಕಪ್ಪಾದದ್ದು ಬಿಳಿಯಾಗಲು ತಡಮಾಡುತ್ತವೆ. ಹಾಗಾಗಿ ವೇಗದ ಎಸೆತ ಧೂಮಕೇತುವಿನಂತೆ ಬಾಲ ಎಳೆದುಕೊಂಡು ಬರುತ್ತದೆ. ಎಡಪಕ್ಕದ ಕಾಂಟ್ರಾಸ್ಟ್ ಗಾಲಿಯನ್ನು ತಿರುಗಿಸಿ ಹೆಚ್ಚಿಸಿದರೆ ಚೆಂಡು ಸ್ಪಷ್ಟ, ಬಾಲವೂ ಉದ್ದ. ಇಳಿಸಿದರೆ ಬಾಲ ಮಾಯ, ಚೆಂಡೂ ಮಾಯ. ಪರದೆಯ ಹಿಂದೆ ದೀಪ ಇಲ್ಲದ್ದರಿಂದ ಕಿಟಕಿಗೆ ಬೆನ್ನು ಮಾಡಿ, ಬೆಳಕು ಭುಜದ ಮೇಲಿಂದ ಬೀಳುವಂತೆ ಕೂರಬೇಕು.

ಈಗಿನ ಆಟಗಳಲ್ಲಿ ಬರೀ ಹೊತ್ತು ನೋಡಿ ಬೀಸಿದರೆ ಸಾಲದು, ಬ್ಯಾಟು ಎಲ್ಲಿ ತಗಲಬೇಕೆಂಬ ಗುರುತನ್ನೂ ಎಡಗಡೆಯ ಕಡ್ಡಿಯಿಂದ (ಸ್ಟಿಕ್) ಸರಿಸಬೇಕು. ದಿ ಶೋ ಆಡುವವರು ಆ ಗುರುತನ್ನು ಪಿಸಿಐ ಅನ್ನುತ್ತಾರೆ. ಸ್ವಿಚ್ಚಿನ ಕಡ್ಡಿ ಗಿಡ್ಡ, ಹೆಬ್ಬೆಟ್ಟು ಒಂದಿಷ್ಟು ಜಾರಿದರೂ ಗುರುತು ಪ್ಲೇಟು ದಾಟಿ ಹೋಗುತ್ತದೆ. ಕಡ್ಡಿಯನ್ನು ತುದಿಬೆರಳಿಂದ ತಳ್ಳಬಾರದು, ಹೆಬ್ಬೆಟ್ಟಿನ ಗೆಣ್ಣಿನ ಕೆಳಗಿನ ಮೆತ್ತನೆ ಭಾಗವನ್ನು ಒರಗಿಸಿ ವಾಲಿಸಬೇಕು. ‘ಬಿ’ ಸಾಧಾರಣ ಬೀಸು, ‘ವೈ’ ಜೋರು ಬೀಸು, ‘ಎ’ ತಗಲಿದರೆ ಸಾಕೆನ್ನುವ ಬೀಸು. ಜೋರು ಬೀಸಿನಲ್ಲಿ ಗುರುತು ಕುಗ್ಗುತ್ತದೆ, ಹೋಮ್ ರನ್ ಆಸೆಗೆ ಸದಾ ಅದನ್ನೇ ಒತ್ತುವವರ ಖಾತೆಯಲ್ಲಿ ಬರೀ ಗಾಳಿ ಜಮೆ. ಎರಡು ಸ್ಟ್ರೈಕ್ (ಬ್ಯಾಟರಿನ ಲೆಕ್ಕಕ್ಕೆ ಬೀಳುವ ತಪ್ಪು, ಮೂರಾದರೆ ಔಟ್) ಆದ ಮೇಲೆ ಹೆಬ್ಬೆಟ್ಟನ್ನು ‘ಎ’ ಕಡೆಗೆ ಸರಿಸುವುದು ವಿವೇಕ. ಬೀಸಿದ ಮೇಲೆ ಪರದೆ ‘ಅರ್ಲಿ’, ‘ಲೇಟ್’ ಎಂದು ತೀರ್ಪು ಕೊಡುತ್ತದೆ, ಅದನ್ನು ಓದದೆ ಮುಂದಿನ ಚೆಂಡಿಗೆ ಹೋಗಬಾರದು. ಬಲಗೈ ಬ್ಯಾಟರು ಬೇಗ ಬೀಸಿದರೆ ಚೆಂಡು ಎಡಕ್ಕೆ, ತಡವಾದರೆ ಬಲಕ್ಕೆ. ಗೆರೆಯಾಚೆ ಬಿದ್ದರೆ ಫೌಲ್.

ಕ್ರಿಕೆಟ್ ನೋಡಿ ಬೆಳೆದ ಕಣ್ಣಿಗೆ ಇಲ್ಲಿ ಎರಡು ಕಷ್ಟ. ವಿಕೆಟ್ ಹಿಂದೆ ನಯವಾಗಿ ಸವರಿ ನಾಲ್ಕು ತೆಗೆಯುವ ಕಲೆಗೆ ಇಲ್ಲಿ ಬೆಲೆಯಿಲ್ಲ, ಅದು ಫೌಲ್. ಇನ್ನೊಂದು, ಚೆಂಡನ್ನು ಬಿಡುವುದು. ಟೆಸ್ಟ್ ಆಟಗಾರ ಬಿಟ್ಟರೆ ಉಳಿದುಕೊಂಡ ಅಷ್ಟೆ. ಇಲ್ಲಿ ಸ್ಟ್ರೈಕ್ ವಲಯದ, ಅಂದರೆ ಪ್ಲೇಟಿನ ಮೇಲೆ ಬ್ಯಾಟರಿನ ಮೊಣಕಾಲಿಂದ ಎದೆಮಟ್ಟದವರೆಗಿನ ಜಾಗದ, ಹೊರಗಿನ ನಾಲ್ಕು ಚೆಂಡು ಬಿಟ್ಟವನಿಗೆ ಮೊದಲ ಬೇಸು ಪುಕ್ಕಟೆ. ಗುಂಡಿ ಒತ್ತದೆ ಇರುವುದೂ ಆಟವೇ, ಅದೂ ಕಷ್ಟದ ಆಟ. ಎಣಿಕೆ 3-1 ಇದ್ದಾಗ, ಅಂದರೆ ವಲಯದ ಹೊರಗೆ ಹೋದ ‘ಬಾಲ್’ ಮೂರು, ಸ್ಟ್ರೈಕ್ ಒಂದು, ಪಿಚರನಿಗೆ ವಲಯದೊಳಗೆ ಎಸೆಯದೆ ಗತಿಯಿಲ್ಲ. ಆಗ ಒಂದೇ ಜಾಗ, ಒಂದೇ ವೇಗ ಮನಸ್ಸಿನಲ್ಲಿಟ್ಟುಕೊಂಡು ಕಾದು ಅದು ಬಂದರೆ ಮಾತ್ರ ಬೀಸಬೇಕು.

ಎಸೆಯುವ ಕೆಲಸ ಹಳೆಯ ಕಾಲದಲ್ಲಿ ಸರಳವಾಗಿತ್ತು. ಫ್ಯಾಮಿಕಾಮ್‌ನಲ್ಲಿ ಕೆಳಗೆ ಒತ್ತಿದರೆ ವೇಗ, ಮೇಲೆ ಒತ್ತಿದರೆ ನಿಧಾನ, ಎಡಬಲಕ್ಕೆ ಒತ್ತಿದರೆ ತಿರುವು. ಈಗಿನ ಮೀಟರ್ ಪದ್ಧತಿಯಲ್ಲಿ ಮೂರು ಒತ್ತು: ಒಂದಕ್ಕೆ ಮೀಟರ್ ಏರತೊಡಗುತ್ತದೆ, ಎರಡಕ್ಕೆ ಬಲ ನಿಗದಿ, ಇಳಿದು ಬರುವಾಗ ಹಳದಿ ಗೆರೆಯ ಮೇಲೆ ಮೂರನೆಯ ಒತ್ತಿಗೆ ಗುರಿ. ಬಲದ ಮಿತಿ ದಾಟಿಸಿದರೆ ವೇಗ ಕೊಂಚ ಹೆಚ್ಚು, ಗುರಿ ಬಹಳ ಕಡಿಮೆ. ಪಿಚರ್ ದಣಿದ ಮೇಲೂ ಹಾಗೆಯೇ ಮಾಡಿದರೆ ಚೆಂಡು ಪ್ಲೇಟಿನ ನಡುಮಧ್ಯೆ ತಟ್ಟೆಯಲ್ಲಿಟ್ಟು ಕೊಟ್ಟಂತೆ ಹೋಗುತ್ತದೆ. ಬದಲಿ ಪಿಚರನನ್ನು ಥಟ್ಟನೆ ಕರೆಯಲೂ ಆಗದು, ಮೊದಲೇ ಮೈ ಬಿಸಿ ಮಾಡಿಕೊಳ್ಳಲು ಹೇಳಿರಬೇಕು. ತಣ್ಣಗಿನ ಬಾಣಲೆಗೆ ಬೋಂಡಾ ಬಿಟ್ಟರೆ ಆಗುವ ಗತಿಯೇ ತಣ್ಣಗಿನ ಪಿಚರನಿಗೂ.

ಗಾಳಿಯಲ್ಲಿ ಹಾರಿದ ಚೆಂಡು ಪುಟ್ಟ ಪರದೆಯ ದೊಡ್ಡ ಸಂಕಟ. ಚಪ್ಪಟೆ ಚಿತ್ರದಲ್ಲಿ ಎತ್ತರ ಗೊತ್ತಾಗುವುದಿಲ್ಲ, ಮೇಲೇರುತ್ತಿದೆಯೋ ದೂರ ಹೋಗುತ್ತಿದೆಯೋ ಎರಡೂ ಒಂದೇ ಥರ. ಅದಕ್ಕೇ ನೆಲದ ಮೇಲೆ ನೆರಳೊಂದನ್ನು ಓಡಿಸುತ್ತಾರೆ. ಆಕಾಶದ ಚೆಂಡನ್ನು ನೋಡಿದವರು ಕೆಟ್ಟರು, ನೆಲದ ನೆರಳನ್ನು ನೋಡಿ ಓಡಿದವರು ಹಿಡಿದರು. ಚೆಂಡು ಮತ್ತು ನೆರಳಿನ ಅಂತರ ಕಡಿಮೆಯಾಗುತ್ತಾ ಬಂದರೆ ಇಳಿಯುತ್ತಿದೆ ಎಂದರ್ಥ. ಹೊಸ ಆಟಗಳಲ್ಲಿ ನೆರಳಿನ ಬದಲು ಬೀಳುವ ಜಾಗಕ್ಕೇ ವೃತ್ತ ಹಾಕಿಕೊಡುತ್ತಾರೆ, ಮಕ್ಕಳಿಗೆ ಮಾವಿನಹಣ್ಣು ಹೆಚ್ಚಿಕೊಟ್ಟ ಹಾಗೆ. ಈ ಗದ್ದಲದಲ್ಲಿ ಓಟಗಾರರು ಪರದೆಯ ಹೊರಗಿರುತ್ತಾರೆ. ಮೂಲೆಯಲ್ಲಿ ಚಿಕ್ಕ ಚೌಕಾಕಾರದ ನಕ್ಷೆ ಇರುವುದು ಅದಕ್ಕೇ. ಎಸೆಯುವ ಮುನ್ನ ಒಂದು ಕಣ್ಣು ಅಲ್ಲಿಗೆ ಹೋಗಬೇಕು.

ಯಂತ್ರದ ರೋಗಗಳು ಬೇರೆ. ಹಳೆಯ ಗೇಮ್ ಬಾಯ್ ಪರದೆಯಲ್ಲಿ ನಿಂತ ಗೆರೆಗಳು ಕಾಣೆಯಾದರೆ ಪರದೆಯ ಕೆಳಗಿನ ಪಟ್ಟಿ ಕೇಬಲ್ಲಿನ ಬೆಸುಗೆ ಸಡಿಲಿದೆ. ಬಿಚ್ಚಿ, ಬೆಸುಗೆಕಡ್ಡಿಯನ್ನು ಹಗುರವಾಗಿ ಆ ಪಟ್ಟಿಯ ಮೇಲೆ ಆಡಿಸಿದರೆ ಎಷ್ಟೋ ಸಲ ಮರಳುತ್ತವೆ. ಆಟ ತುಂಬಿದ ಕಾರ್ಟ್ರಿಜ್ಜನ್ನು ಯಂತ್ರ ಓದದಿದ್ದರೆ ಬಾಯಿಂದ ಊದುವುದು ಜಗದ್ವ್ಯಾಪಿ ಚಾಳಿ. ಉಸಿರಿನ ತೇವ ಲೋಹಕ್ಕೆ ಒಳ್ಳೆಯದಲ್ಲ, ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸುವುದು ಸರಿ. ಗುಂಡಿ ಒತ್ತಿದರೂ ಬ್ಯಾಟು ಬೀಸದಿದ್ದರೆ ಒಳಗಿನ ರಬ್ಬರಿನ ತಳದ ಕರಿ ಬಿಲ್ಲೆ ಕೊಳೆಯಾಗಿದೆ, ಅದಕ್ಕೂ ಅದೇ ಔಷಧ. ಈಗಿನ ಕಡ್ಡಿಗಳ ಕಾಯಿಲೆ ಡ್ರಿಫ್ಟ್. ಒಳಗಿನ ಕಾರ್ಬನ್ ಪಟ್ಟಿ ಸವೆದು, ಯಾರೂ ಮುಟ್ಟದಿದ್ದರೂ ಪಿಸಿಐ ತಾನೇ ಮೂಲೆಗೆ ತೆವಳುತ್ತದೆ. ಓಡುವ ಆಟಗಳಲ್ಲಿ ಇದನ್ನು ಹೇಗೋ ಸಹಿಸಬಹುದು, ಎರಡಿಂಚು ತಪ್ಪಿದರೆ ಚೆಂಡು ಸಿಗದ ಈ ಆಟದಲ್ಲಿ ಆಗುವುದಿಲ್ಲ. ಸೆಟ್ಟಿಂಗ್ಸಿನಲ್ಲಿ ಕಡ್ಡಿಯನ್ನು ಮರುಹೊಂದಿಸಿ ನೋಡಬೇಕು, ಬಗ್ಗದಿದ್ದರೆ ಕಡ್ಡಿಯನ್ನೇ ಬದಲಿಸಬೇಕು.

ಇಬ್ಬರು ಆಡುವುದಾದರೆ ಗೇಮ್ ಬಾಯಿಗೆ ಎರಡು ಯಂತ್ರ, ಎರಡು ಕಾರ್ಟ್ರಿಜ್, ನಡುವೆ ಒಂದು ಲಿಂಕ್ ಕೇಬಲ್ ಬೇಕಿತ್ತು. ದುಬಾರಿ, ಆದರೆ ಪ್ರಾಮಾಣಿಕ: ಒಂದೇ ಟಿವಿಯ ಮುಂದೆ ಕೂತಾಗ ಎದುರಾಳಿಯ ಕಣ್ಣು ನಿಮ್ಮ ಗುರುತಿನ ಮೇಲೂ ಬೀಳುತ್ತದೆ, ಇಲ್ಲಿ ಅವರವರ ಎಲೆ ಅವರವರಿಗೆ.

ಆಗ ಅರ್ಧಕ್ಕೆ ಎದ್ದು ಹೋಗಬೇಕಾದರೆ ಯಂತ್ರವನ್ನು ಆರಿಸುವುದೊಂದೇ ದಾರಿ, ಏಳು ಇನ್ನಿಂಗ್ಸಿನ ದುಡಿಮೆ ಆನ್-ಆಫ್ ಗುಂಡಿಯ ಒಂದು ‘ಟಕ್’ಗೆ ಮಣ್ಣು. ಈಗಿನ ಸ್ವಿಚ್ ಯಂತ್ರದಲ್ಲಿ ಪವರ್ ಗುಂಡಿ ಒತ್ತಿದರೆ ಆಟ ಅಲ್ಲೇ ನಿದ್ದೆ ಹೋಗುತ್ತದೆ. ಸ್ಟೇಷನ್ ಬಂತೆಂದು ಹಾಗೆ ಒತ್ತಿ ಜೇಬಿಗಿಳಿಸಿದರೆ ಪಿಚರ್ ಬಿಟ್ಟ ಚೆಂಡು ನಡುದಾರಿಯಲ್ಲಿ ನಿಂತುಬಿಡುವುದೂ ಉಂಟು. ರಾತ್ರಿ ಮನೆಯಲ್ಲಿ ತೆರೆದು, ಬೀಗ ತೆಗೆಯಲು ಒಂದೇ ಗುಂಡಿಯನ್ನು ಮೂರು ಸಲ ಒತ್ತಿದೊಡನೆ, ಆ ಹೆಬ್ಬೆಟ್ಟು ಜಾಗಕ್ಕೆ ಮರಳುವ ಮುನ್ನವೇ ಬೆಳಗಿನ ಚೆಂಡು ಬಂದು ಪ್ಲೇಟು ದಾಟುತ್ತದೆ. ಸ್ಟ್ರೈಕ್. ಮೊದಲು ಬಲಗಡೆಯ ಕೂಡುವ ಚಿಹ್ನೆಯ ಗುಂಡಿ ಒತ್ತಿ ಆಟ ನಿಲ್ಲಿಸಿ, ಆಮೇಲೆ ಮಲಗಿಸಬೇಕು.