ಆರ್ ಫಾರ್ ರಾಗಿಹೊಸಳ್ಳಿ

ನಮ್ಮ ಮನೆಯ ಕಂಪ್ಯೂಟರಿಗೆ ಮೇಲ್ ಬರುವುದಕ್ಕೆ ಯಾವ ತಕರಾರೂ ಇಲ್ಲ. ಸಾಲ ಬೇಕಾ ಎಂದು ಕೇಳುವವರು, ನಿಮಗೆ ಲಾಟರಿ ಹೊಡೆದಿದೆ ಎನ್ನುವವರು, ಎಂದೋ ಒಂದು ಚಪ್ಪಲಿ ತರಿಸಿದ್ದಕ್ಕೆ ಇಂದಿಗೂ ಚಪ್ಪಲಿ ತೋರಿಸುವವರು, ಎಲ್ಲರ ಮೇಲ್ ಕೂಡ ಗುಡುಗು ಸಿಡಿಲು ಲೆಕ್ಕಿಸದೆ ಬಂದು ಬೀಳುತ್ತದೆ. ಇಲ್ಲಿಂದ ಹೊರಗೆ ಹೋಗಬೇಕಾದದ್ದು ಎರಡೇ ಶಬ್ದದ ಒಂದು ಮೇಲ್. ಅದು ಮಾತ್ರ ಜಪ್ಪಯ್ಯ ಅಂದರೂ ಹೊಸ್ತಿಲು ದಾಟಲಿಲ್ಲ.

ಎರಡು ಶಬ್ದ ಎಂದರೆ ‘ಕರೆಂಟು ಬಂತು’.

ಶಿರಸಿ ಸೀಮೆಯ ಮಳೆಗಾಲ ಗೊತ್ತಿದ್ದವರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ. ನಾನು ಹಗಲು ಪೇಟೆಯ ಆಫೀಸಿನಲ್ಲಿ, ಆಯಿ ಹುಲೇಕಲ್ ರಸ್ತೆಯಿಂದ ಒಳಗಿರುವ ಮನೆಯಲ್ಲಿ. ಗಾಳಿಗೆ ಎಲ್ಲೋ ಒಂದು ಟೊಂಗೆ ಲೈನಿನ ಮೇಲೆ ಬಿದ್ದರೆ ಮೂರು ಊರು ಕತ್ತಲು. ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಜೀವ ಹಿಡಿಸಿ ಇಟ್ಟಿದ್ದೇನೆ. ಕರೆಂಟು ಬಂದೊಡನೆ ತಾನೇ ಎದ್ದು ಕೂರುವ ಹಾಗೆ ಬಯೋಸ್‌ನಲ್ಲಿ ಒಂದು ಸೆಟ್ಟಿಂಗ್ ಇದೆ. ಎದ್ದ ಮೇಲೆ ಒಂದು ಮೇಲ್ ಕಳಿಸು ಎಂದು ಕ್ರಾನ್‌ನಲ್ಲಿ, ಅಂದರೆ ಕಂಪ್ಯೂಟರು ಹೇಳಿದ ಹೊತ್ತಿಗೆ ತಾನೇ ಮಾಡುವ ಕೆಲಸಗಳ ಪಟ್ಟಿಯಲ್ಲಿ, ಒಂದು ಸಾಲು ಬರೆದರಾಯಿತು. ಯೋಜನೆ ಇಷ್ಟೇ.

“ಯಂಗೆ ಫೋನ್ ಮಾಡಿ ಕೇಳಿರೆ ಆಗ್ತಿಲ್ಯನೋ?” ಎಂದಳು ಆಯಿ.

ಆಗ್ತಿಲ್ಲೆ. ಏಕೆಂದರೆ ಆಯಿ ಮೊಬೈಲನ್ನು ನಾಗಂದಿಗೆಯ ಮೇಲಿಟ್ಟು ತೋಟಕ್ಕೆ ಹೋಗುತ್ತಾಳೆ. ಕೆಳಗೆ ರೇಂಜ್ ಇಲ್ಲವಂತೆ, ಅದು ಅಲ್ಲಿಯೇ ಇರಬೇಕಂತೆ.

ಮೇಲ್ ಸಾಗಿಸಲು ಪೋಸ್ಟ್‌ಫಿಕ್ಸ್ ಎಂಬ ಪ್ರೋಗ್ರಾಮು ಹಾಕಿದೆ. ಐಬಿಎಂನಲ್ಲಿದ್ದ ವೀಟ್ಸೆ ವೆನೆಮಾ ಬರೆದದ್ದು, 1998ರಿಂದ ಜಗತ್ತಿನ ಎಷ್ಟೋ ಸರ್ವರುಗಳಲ್ಲಿ ಸದ್ದಿಲ್ಲದೆ ದುಡಿಯುತ್ತಿದೆ. ಅದರ ಮೇಲೆ ನನ್ನದೇನೂ ದೂರಿಲ್ಲ. ಹಾಕುವಾಗ ಒಂದು ನೀಲಿ ಪರದೆ ಬಂದು ನೀನು ಇಂಟರ್ನೆಟ್ ಸೈಟೋ, ಸ್ಯಾಟಲೈಟ್ ಸಿಸ್ಟಮ್ಮೋ ಎಂದು ಗೋತ್ರ ವಿಚಾರಿಸುತ್ತದೆ. ಕೊಟ್ಟಿಗೆ ಪಕ್ಕದ ಕೋಣೆಯಲ್ಲಿ ಕೂತು ಸ್ಯಾಟಲೈಟ್ ಎನ್ನಲು ಯಾರಿಗಾದರೂ ಬಾಯಿ ಬರುತ್ತದಾ? ಇಂಟರ್ನೆಟ್ ಸೈಟ್ ಎಂದೆ. ಮೇಲ್ ಕಳಿಸಿದೆ. ಕಂಪ್ಯೂಟರು ತಪ್ಪು ಗಿಪ್ಪು ಏನೂ ಹೇಳದೆ ಮೇಲನ್ನು ಇಸಿದುಕೊಂಡಿತು. ಆದರೆ ಮೇಲ್ ಬರಲಿಲ್ಲ. ‘ಮೇಲ್‌ಕ್ಯೂ’ ಎಂದು ಹೊಡೆದು ನೋಡಿದರೆ ಕಳಿಸಿದ್ದೆಲ್ಲ ಸಾಲಾಗಿ ಅಲ್ಲೇ ಕೂತಿವೆ. ಪ್ರತಿಯೊಂದರ ಕೆಳಗೂ ಕನೆಕ್ಷನ್ ಟೈಮ್ಡ್ ಔಟ್, ಪೋರ್ಟ್ 25. ಎಂದರೆ, ಮೇಲ್ ಹೋಗುವ 25ನೇ ನಂಬರಿನ ಬಾಗಿಲು ತಟ್ಟಿ ಕಾದರೂ ಉತ್ತರವಿಲ್ಲ.

ಇಂಟರ್ನೆಟ್ ಕೊಡುವವರಿಗೆ ಫೋನ್ ಹಚ್ಚಿದೆ.

“ಸರ್, ನೆಟ್ ಬರ್ತಾ ಇದೆಯಾ?”

“ಬರ್ತದೆ. ಮೇಲ್ ಹೋಗ್ತಾ ಇಲ್ಲ.”

“ನೆಟ್ ಬರ್ತಾ ಇದೆ ಅಂದ್ರೆ ಪ್ರಾಬ್ಲಮ್ ಇಲ್ಲ ಸರ್. ಬೇರೆ ಏನಾದ್ರೂ ಸಹಾಯ ಬೇಕಿತ್ತಾ?”

ಪೋರ್ಟ್ 25 ಅನ್ನು ಇವರೇ ಮುಚ್ಚಿರುತ್ತಾರೆ, ಮನೆಯ ಕನೆಕ್ಷನ್‌ಗಳಿಗೆಲ್ಲ ಹೆಚ್ಚಾಗಿ ಹೀಗೇ, ಎಂದು ಹೇಳಿದವನು ಬೆಂಗಳೂರಿನ ಭಾವ. ಎಸ್‌ಎಂಟಿಪಿ ಎಂಬ ಮೇಲ್ ಸಾಗಿಸುವ ಕ್ರಮ 1982ರದ್ದು. ಆಗ ಅದರಲ್ಲಿ ಪಾಸ್‌ವರ್ಡ್ ಕೇಳುವ ಪದ್ಧತಿಯೇ ಇರಲಿಲ್ಲ. ನೆಟ್‌ವರ್ಕಿನಲ್ಲಿದ್ದವರು ಬೆರಳೆಣಿಕೆಯ ಜನ, ಯಾರ ಹೆಸರಿನಲ್ಲಿ ಯಾರು ಕೊಟ್ಟರೂ ನಂಬಿ ತಲುಪಿಸುತ್ತಿದ್ದರು. ಆಮೇಲೆ ಲಾಟರಿಯವರು ಬಂದರು. ವೈರಸ್ ಹೊಕ್ಕ ಮನೆ ಕಂಪ್ಯೂಟರುಗಳು ರಾತ್ರಿ ಬೆಳಗಾಗುವುದರೊಳಗೆ ಲಕ್ಷಗಟ್ಟಲೆ ಮೇಲ್ ಸುರಿಯತೊಡಗಿದವು. ಸರಿ, 25ನೇ ಬಾಗಿಲಿಗೆ ಅಗಳಿ ಬಿತ್ತು. ಪಾಸ್‌ವರ್ಡ್ ತೋರಿಸಿ ಹೋಗುವ ಸಭ್ಯಸ್ಥರಿಗಾಗಿ 587 ಎಂಬ ಬೇರೆ ಬಾಗಿಲು 1998ರಲ್ಲೇ ಆಗಿದೆ. ಮುಚ್ಚಿದ್ದನ್ನು ಮುಚ್ಚಿದೆ ಎಂದು ಹೇಳುವ ಒಂದು ಬೋರ್ಡನ್ನು ಮಾತ್ರ ಯಾರೂ ಹಾಕಿಲ್ಲ. ಲಾಟರಿಯವರ ಮೇಲ್ ಈಗಲೂ ಬರುತ್ತದೆ ಎನ್ನುವುದು ಬೇರೆ ಮಾತು.

ಭಾವ ಒಳ್ಳೆಯವನು, ತಾಳ್ಮೆಯವನು. ಆದರೆ ಅವನಿಗೊಂದು ಚಾಳಿ. ಯಾವ ಅಕ್ಷರ ಹೇಳಿದರೂ ಜೊತೆಗೊಂದು ಊರು ಹೇಳಬೇಕು. ಅದೂ ಉತ್ತರ ಕನ್ನಡ ಜಿಲ್ಲೆಯೊಳಗಿನ ಊರೇ ಆಗಬೇಕು. ಊರು ಬಿಟ್ಟು ಹೋದವರಿಗೆ ಜಿಲ್ಲೆಯ ಮೇಲೆ ಹೀಗೊಂದು ಪ್ರೀತಿ ಉಕ್ಕುತ್ತದೆ.

ನಮ್ಮ ಕಡೆಯ ಅನುಕೂಲವೋ, ಕೇಳಬೇಡಿ. ವಾಟ್ಸಾಪಿನಲ್ಲಿ ಮಾತಾಡೋಣ ಎಂದರೆ ರೂಟರ್ ಆರಿಸಿ ಹಾಕು ಎನ್ನುವುದೇ ಭಾವನ ಮೊದಲ ಮದ್ದು. ಹಾಗಾಗಿ ಸಾದಾ ಫೋನೇ ಗತಿ. ಅದಕ್ಕೆ ರೇಂಜ್ ಇರುವುದು ನಾಗಂದಿಗೆ ಬಿಟ್ಟರೆ ಕೊಟ್ಟಿಗೆಯ ಮೂಲೆಯಲ್ಲಿ. ನಾನು ಅಲ್ಲಿ, ಕೊಡೆ ಹಿಡಿದು. ಜಗುಲಿಯಲ್ಲಿ ಆಯಿ. ಒಳಗೆ ಕೀಬೋರ್ಡಿನೆದುರು ಮಗಳು. ಭಾವ ಹೇಳಿದ್ದನ್ನು ನಾನು ಕೂಗಿದರೆ, ಹಂಚಿನ ಮೇಲಿನ ಮಳೆಯ ಸದ್ದಿನಲ್ಲಿ ಅರ್ಧ ಆಯಿಗೆ ಕೇಳುತ್ತದೆ. ಆಯಿ ಇಂಗ್ಲಿಷ್ ಅಕ್ಷರದ ಗೊಡವೆಗೆ ಹೋಗದೆ ಊರನ್ನಷ್ಟೇ ಒಳಗೆ ದಾಟಿಸುತ್ತಾಳೆ.

ಮೇಲನ್ನು ನೀನೇ ಹೊತ್ತು ಹೋಗಬೇಡ, 587ರ ಬಾಗಿಲಲ್ಲಿ ಮೇಲ್ ಕಂಪನಿಯ ಸರ್ವರಿಗೆ ಒಪ್ಪಿಸು ಎಂದು ಪೋಸ್ಟ್‌ಫಿಕ್ಸ್‌ಗೆ ಹೇಳಲು ಬರೆಯಬೇಕಾದ ಶಬ್ದ ‘ರಿಲೇಹೋಸ್ಟ್’.

“ಆರ್ ಫಾರ್ ರಾಗಿಹೊಸಳ್ಳಿ,” ಎಂದ ಭಾವ.

“ಆರ್ ಫಾರ್ ರಾಗಿಹೊಸಳ್ಳಿ!” ನಾನು.

“ರಾಗಿಹೊಸಳ್ಳಿ ಅಡ ತಂಗಿ,” ಆಯಿ.

“ಇ ಫಾರ್ ಎಕ್ಕಂಬಿ.”

ಎಕ್ಕಂಬಿಯೂ ಹೋಯಿತು. ಮಗಳು ಆ ಊರನ್ನು ವೈಯಿಂದ ಬರೆಯುವವಳು ಎಂಬುದು ಹೊರಗಿದ್ದ ನಮಗೆ ಹೇಗೆ ಗೊತ್ತಾಗಬೇಕು?

“ಎಲ್ ಫಾರ್...” ಎಂದ ಭಾವ, ನಿಂತ.

ಮಳೆ ಜೋರಾಯಿತು. ಭಾವ ಯೋಚಿಸುತ್ತಿದ್ದ. ನಾನು ಲೈನ್ ಹೋಯಿತೇನೋ ಎಂದು ಹಲೋ ಹಲೋ ಎಂದೆ. “ತಡಿಯಾ, ಎಲ್ಲಿಗೆ ಯಾವ ಊರಿದ್ದು ನಮ್ಮಲ್ಲಿ?” ಎಂದು ನನ್ನನ್ನೇ ಕೇಳಿದ. ಕಾಲಿನ ಮೇಲೆ ಏನೋ ತಣ್ಣಗಾಯಿತು. ಬಗ್ಗಿ ನೋಡಿದರೆ ಉಂಬಳ ಎಂಬ ಜಿಗಣೆ, ಮೀನಖಂಡದ ಹತ್ತಿರ ಹದವಾದ ಜಾಗ ಹುಡುಕುತ್ತಿದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು.

“ಲಿಂಗನಮಕ್ಕಿ ಹೇಳು ಭಾವ!” ಎಂದೆ.

“ಅದು ಶಿವಮೊಗ್ಗ ಜಿಲ್ಲೆ,” ಎಂದ ಅವನು, ಕಡತ ವಾಪಸು ಕಳಿಸುವ ಗುಮಾಸ್ತನ ಗಂಭೀರದಲ್ಲಿ.

“ಲಂಡನ್ ಹೇಳು, ಲಡ್ಡು ಹೇಳು, ಎಂತಾದ್ರೂ ಹೇಳು ಮಾರಾಯಾ, ಉಂಬಳ ಕಚ್ತಾ ಇದ್ದು!”

“ಸುಣ್ಣ ಹಚ್ಚು,” ಎಂದ. ಮತ್ತೆ ಯೋಚನೆಗೆ ಬಿದ್ದ. ಉಂಬಳ ಅಷ್ಟರಲ್ಲಿ ನಿರ್ಧಾರಕ್ಕೆ ಬಂದಾಗಿತ್ತು. ಕೊನೆಗೆ ನಾನೇ “ಬರೀ ಎಲ್, ಊರಿಲ್ಲದ್ದು!” ಎಂದು ಮಗಳಿಗೆ ಕೇಳುವಂತೆ ಒದರಿದೆ. ಭಾವನಿಗೆ ಬೇಜಾರಾಯಿತು.

ಮುಂದಿನದು ಅಂಕೋಲಾ. ಅದನ್ನು ಕೂಗಿದ್ದೇ ಆಯಿ ಒಳಗೆ ದಾಟಿಸುವುದನ್ನು ಬಿಟ್ಟು ಅಂಗಳದ ತುದಿಗೇ ಬಂದುಬಿಟ್ಟಳು. “ಅಂಕೋಲೆಲಿ ಎಂತ ಆತು?” ಮುಖ ಸಣ್ಣದಾಗಿತ್ತು. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿದಾಗಿನಿಂದ, ಜೋರು ಮಳೆಯಲ್ಲಿ ಯಾರಾದರೂ ಅಂಕೋಲಾ ಎಂದು ಕೂಗಿದರೆ ಅವಳಿಗೆ ಹೀಗಾಗುತ್ತದೆ. ಏನೂ ಆಗಿಲ್ಲ ಆಯಿ, ಅದು ಬರೀ ಎ, ಎಂದೆ. ಭಾವನೂ ಫೋನಿನಲ್ಲಿ ಸುಮ್ಮನಾದ. ಆಮೇಲೆ ಅಡಿಕೆಯ ಕೊಳೆರೋಗ ಹೇಗಿದೆ, ಎರಡನೇ ಮದ್ದು ಹೊಡೆಸಿದ್ದಾಯಿತಾ, ಮರ ಹತ್ತುವ ಕೊನೆಗೌಡ ಬಂದನಾ ಎಂದೆಲ್ಲ ವಿಚಾರಿಸಿದ. ಮದುವೆ ಮನೆಯಲ್ಲಿ ಸಿಕ್ಕರೂ ಅವನು ಇಷ್ಟು ಮಾತಾಡಿದವನಲ್ಲ. ಮೇಲ್ ಸಲೀಸಾಗಿ ಹೋಗಿದ್ದರೆ ಈ ಮಾತೂ ಇರುತ್ತಿರಲಿಲ್ಲ.

ಯಾಣ, ಹೊನ್ನಾವರ, ಓಂ ಬೀಚು, ಸಿದ್ದಾಪುರ, ತದಡಿ ಸರಾಗವಾಗಿ ಮುಗಿದವು. ಫಲಿತಾಂಶ: ಮೇಲ್ ಹೋಗಲಿಲ್ಲ. ಪೋಸ್ಟ್‌ಫಿಕ್ಸ್ ಮಾತ್ರ ಬಹಳ ವಿನಯದಿಂದ, ‘ಆರ್‌ವೈಎಲ್’ ಎಂದು ಶುರುವಾಗುವ ಒಂದು ಹೆಸರನ್ನು ತೋರಿಸಿ, ಇದು ಬಳಕೆಯಲ್ಲಿಲ್ಲದ ಪ್ಯಾರಾಮೀಟರ್ ಎಂದು ಎಚ್ಚರಿಸಿತು. ಎಕ್ಕಂಬಿಯ ಪ್ರಭಾವ.

ಅದನ್ನು ತಿದ್ದಿದ ಮೇಲೆ ಪಾಸ್‌ವರ್ಡಿನ ತಕರಾರು. ಮೇಲ್ ಕಂಪನಿಗೆ ನಮ್ಮ ದಿನನಿತ್ಯದ ಪಾಸ್‌ವರ್ಡ್ ನಡೆಯುವುದಿಲ್ಲ, ಇಂಥ ಪ್ರೋಗ್ರಾಮುಗಳಿಗೆಂದೇ 16 ಅಕ್ಷರದ ಬೇರೆ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ಅದು ಸಿಗಲು ಎರಡು ಹಂತದ ಪರಿಶೀಲನೆ ಆಗಬೇಕು, ಪರಿಶೀಲನೆಗೆ ಒಟಿಪಿ ಬರಬೇಕು, ಒಟಿಪಿ ಬರುವುದು ಕೊಟ್ಟಿಗೆ ಮೂಲೆಗೆ. ಈ ಸಲ ಕಾಲಿಗೆ ಸುಣ್ಣ ಬಳಿದುಕೊಂಡೇ ಹೋದೆ. ಅದಾದ ಮೇಲೆ ನಡೆದದ್ದನ್ನೆಲ್ಲ ಬರೆದಿಡುವ ಲಾಗ್ ಹೇಳಿತು, ‘ನೋ ವರ್ದಿ ಮೆಕ್ಸ್ ಫೌಂಡ್’. ಯೋಗ್ಯವಾದದ್ದು ಒಂದೂ ಸಿಗಲಿಲ್ಲ ಎಂದು. ಮಳೆಯಲ್ಲಿ ನೆನೆದು ನಿಂತವನಿಗೆ ಕಂಪ್ಯೂಟರು ಹೇಳುವ ಮಾತೇ ಇದು? ಪಾಸ್‌ವರ್ಡ್ ದಾಟಿಸುವ ಒಂದು ಪೊಟ್ಟಣ, ಲಿಬ್‌ಸಾಸ್ಲ್2-ಮಾಡ್ಯೂಲ್ಸ್, ಹಾಕುವುದು ಬಾಕಿ ಇತ್ತಂತೆ, ಅಷ್ಟೇ.

ಹಾಕಿದ್ದೇ ತಡ, ಕಟ್ಟೆ ಒಡೆಯಿತು. ಹೋಗದ ಮೇಲನ್ನು ಪೋಸ್ಟ್‌ಫಿಕ್ಸ್ 5 ದಿನ ಇಟ್ಟುಕೊಂಡು ಆಗಾಗ ಪ್ರಯತ್ನಿಸುತ್ತಲೇ ಇರುತ್ತದೆ. ಕೂತಿದ್ದವೆಲ್ಲ ಒಟ್ಟಿಗೆ ಹೊರಟವು. ನನ್ನ ಫೋನಿನಲ್ಲಿ ಕರೆಂಟು ಬಂತು, ಕರೆಂಟು ಬಂತು, ಕರೆಂಟು ಬಂತು. ಎಲ್ಲಾ ಹಿಂದಿನ ದಿನಗಳ ತಾರೀಕಿನವು.

ಆಯಿ ಕನ್ನಡಕ ಏರಿಸಿ ನೋಡಿದಳು. “ಚೊಲೋ ಆತು. ಹೋದ್ರೆ ಹೇಳ್ತಾ ಇದು?”

ಹೇಳುವುದಿಲ್ಲ. ಕರೆಂಟು ಹೋದರೆ ಕಂಪ್ಯೂಟರೂ ಹೋಗುತ್ತದೆ, ರೂಟರೂ ಹೋಗುತ್ತದೆ. ಭಾವನಿಗೆ ಇದನ್ನು ಹೇಳಿದ್ದಕ್ಕೆ ರೂಟರಿಗೊಂದು ಯುಪಿಎಸ್ ಕೂಡಿಸು, ಇನ್ನೊಂದು ಸ್ಕ್ರಿಪ್ಟ್ ಬರೆಯೋಣ, ಭಾನುವಾರ ಫೋನ್ ಮಾಡ್ತೆ ಎಂದಿದ್ದಾನೆ.

ರಾತ್ರಿ ಮಲಗುವ ಹೊತ್ತಿಗೆ ಅವನದೇ ಒಂದು ಮೆಸೇಜು. ಯುಪಿಎಸ್ಸಿನ ವಿಷಯವೇ ಇರಬೇಕೆಂದು ತೆರೆದೆ.

“ಲುಕ್ಕೇರಿ. ಕುಮಟಾ ತಾಲೂಕು.”