ಸ್ಪಷ್ಟನೆ: ಮೇಣದಬತ್ತಿ 48 ಕಿಲೋಮೀಟರ್ ದೂರಕ್ಕೆ ಕಾಣುವುದಿಲ್ಲ

ಕಗ್ಗತ್ತಲಲ್ಲಿ 48 ಕಿಲೋಮೀಟರ್ ದೂರದ ಮೇಣದಬತ್ತಿಯೂ ಬರಿಗಣ್ಣಿಗೆ ಕಾಣುತ್ತದೆ ಎಂಬ ಮಾತು ಓಡಾಡುತ್ತಿದೆ. ಸುಮ್ನೆ ಉಬ್ಬಿಸಿದ ಲೆಕ್ಕ ಇದು. 2015ರಲ್ಲಿ ಇಬ್ಬರು ವಿಜ್ಞಾನಿಗಳು ಬತ್ತಿಯ ಬೆಳಕನ್ನು ನಕ್ಷತ್ರದ ಬೆಳಕಿಗೆ ಹೋಲಿಸಿ ಅಳೆದರು. ಸುಮಾರು 400 ಮೀಟರ್ ದೂರದಲ್ಲೇ ಅದು ಅಭಿಜಿತ್ ಎಂಬ ಪ್ರಕಾಶಮಾನ ನಕ್ಷತ್ರದಷ್ಟೇ ಬೆಳಗುತ್ತದೆ. 2.6 ಕಿಲೋಮೀಟರಿಗೆ ಕಣ್ಣಿನ ಆಟ ಮುಗಿಯಿತು.

ಹಾಗಂತ ಕಣ್ಣು ಕಡಿಮೆಯದೇನಲ್ಲ. 1942ರ ಪ್ರಯೋಗವೊಂದರಲ್ಲಿ, ಅರ್ಧ ಗಂಟೆ ಕತ್ತಲಲ್ಲಿ ಕೂತವರಿಗೆ ಮಿಣುಕೊಂದು ಕಾಣಲು ಕಣ್ಣಿನ ಮೇಲೆ 54ರಿಂದ 148 ಫೋಟಾನ್ (ಬೆಳಕಿನ ಕಣ) ಬಿದ್ದರೆ ಸಾಕಾಯಿತು. ಅದರಲ್ಲೂ ಜಾಸ್ತಿ ಪಾಲು ದಾರಿಯಲ್ಲೇ ಸೋರಿ, ಮಂಕು ಬೆಳಕನ್ನು ಹಿಡಿಯುವ ರಾಡ್ ಕೋಶಗಳಿಗೆ ಸಿಕ್ಕಿದ್ದು ಬರೀ 5ರಿಂದ 14!

ಮಂಕು ನಕ್ಷತ್ರವನ್ನು ನೆಟ್ಟಗೆ ನೋಡಿದರೆ ಮಾಯ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಪ್ರತ್ಯಕ್ಷ. ಕಣ್ಣಿನ ಹಿಂಬದಿಯ ಪರದೆಯಾದ ಅಕ್ಷಿಪಟದ ನಟ್ಟನಡುವೆ ಈ ರಾಡ್ ಕೋಶಗಳೇ ಇಲ್ಲ, ಅದಕ್ಕೇ.